ಬ್ಯಾನರ್ ಬಿಚ್ಚಿದ ಮೇಲೆ ಶಾಲೆಯಲ್ಲಿ ಉಳಿಯುವುದೇನು?

ಪ್ರಾಥಮಿಕ ಶಾಲೆಗಳ ಜೊತೆ ಕೆಲಸ ಮಾಡಬೇಕೆಂಬ ಆಸೆ ಈಗ ಬಹಳಷ್ಟು ಕಲಾಸಂಸ್ಥೆಗಳಿಗೆ ಇದೆ. ರಂಗತಂಡ, ಯಕ್ಷಗಾನ ಕೇಂದ್ರ, ಸಂಗೀತ ಸಭೆ, ಚಿತ್ರಕಲಾವಿದರ ಬಳಗ, ಯಾರನ್ನು ಕೇಳಿದರೂ "ಮಕ್ಕಳಿಗೆ ಏನಾದರೂ ಮಾಡೋಣ" ಅನ್ನುತ್ತಾರೆ. ಶಾಲೆಗಳೂ ಬೇಡ ಅನ್ನುವುದಿಲ್ಲ. ಆದರೆ ಎರಡೂ ಕಡೆ ಕೆಲವು ನಂಬಿಕೆಗಳು ಬೇರೂರಿವೆ. ಅವುಗಳ ದೆಸೆಯಿಂದ ಒಳ್ಳೆಯ ಮನಸ್ಸಿನಿಂದ ಹೊರಟ ಕೆಲಸ ಒಂದು ಮಧ್ಯಾಹ್ನದ ಪ್ರದರ್ಶನ, ಒಂದು ಶಾಲು, ಒಂದು ಗುಂಪು ಫೋಟೊದಲ್ಲಿ ಮುಗಿದುಹೋಗುತ್ತದೆ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಆ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಶಾಲೆಗೆ ಹೋಗಿ ಒಂದು ಒಳ್ಳೆಯ ನಾಟಕ ಆಡಿ ಬಂದರೆ ಕೆಲಸ ಆಯಿತು.

ಮಕ್ಕಳು ಒಳ್ಳೆಯ ನಾಟಕ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನ ರಂಗಶಂಕರ ತನ್ನ 'ಆಹಾ!' ಯೋಜನೆಯಲ್ಲಿ ಮಕ್ಕಳಿಗೆಂದೇ ನಾಟಕ, ನಾಟಕೋತ್ಸವ ನಡೆಸುತ್ತ ಬಂದಿದೆ. ಪುಟ್ಟ ಮಗು ಕತ್ತಲ ರಂಗಮಂದಿರದಲ್ಲಿ ಕೂತು ಪಡೆಯುವ ಅನುಭವಕ್ಕೆ ಬೇರೆ ಸಾಟಿಯಿಲ್ಲ. ಆದರೆ ಐನೂರು ಮಕ್ಕಳನ್ನು ಶಾಲೆಯ ಅಂಗಳದ ಬಿಸಿಲಿನಲ್ಲಿ ಕೂರಿಸಿ, ಕಿರುಚುವ ಮೈಕಿನಲ್ಲಿ ಮುಕ್ಕಾಲು ಗಂಟೆ ನಾಟಕ ಆಡಿ, ಮುಂದಿನ ಶಾಲೆಗೆ ವ್ಯಾನು ಹತ್ತುವುದು ಬೇರೆ ವಿಚಾರ. ಹಿಂದಿನ ಸಾಲಿನ ಮಕ್ಕಳಿಗೆ ಮಾತು ಕೇಳಿಸಿರುವುದಿಲ್ಲ. ಮುಂದಿನ ಸಾಲಿನವರ ಮನಸ್ಸಿನಲ್ಲಿ ಎದ್ದ ಪ್ರಶ್ನೆಗಳನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ.

ಇದಕ್ಕೊಂದು ಬೇರೆ ದಾರಿಯನ್ನು ಇಂಗ್ಲೆಂಡಿನ ಕೊವೆಂಟ್ರಿ ಊರಿನ ಬೆಲ್‌ಗ್ರೇಡ್ ಥಿಯೇಟರ್ 1965ರಲ್ಲೇ ಹುಡುಕಿತು. ನಟನೆಯೂ ಗೊತ್ತಿದ್ದು ಪಾಠ ಮಾಡುವುದೂ ಗೊತ್ತಿದ್ದ ಸಣ್ಣ ತಂಡವೊಂದು ಶಾಲೆಗೆ ಹೋಗುತ್ತಿತ್ತು. ಇಡೀ ಶಾಲೆಯನ್ನು ಒಟ್ಟಿಗೆ ಸೇರಿಸದೆ ಒಂದೆರಡು ತರಗತಿಗಳ ಮಕ್ಕಳ ಜೊತೆಗಷ್ಟೇ ಕೆಲಸ ಮಾಡುತ್ತಿತ್ತು. ಮಕ್ಕಳು ಕಥೆಯೊಳಗೆ ಇಳಿದು ಮುಂದೇನಾಗಬೇಕೆಂದು ತಾವೇ ಯೋಚಿಸುತ್ತಿದ್ದರು. 'ಶಿಕ್ಷಣದಲ್ಲಿ ರಂಗಭೂಮಿ' ಎಂಬ ಪದ್ಧತಿ ಬೆಳೆದದ್ದು ಅಲ್ಲಿಂದ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಇದೇ ಹೆಸರಿನಲ್ಲಿ ತನ್ನದೊಂದು ತಂಡ ಕಟ್ಟಿತು.

ತರಗತಿಯೊಳಗೆ ಇದು ಹೇಗಿರುತ್ತದೆಂದು ಹೇಳಬೇಕು. ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಮಗು ನಮ್ಮಲ್ಲಿ ಕಡಿಮೆ. ವಾರ್ಷಿಕೋತ್ಸವದಲ್ಲಾದರೆ ಒಬ್ಬಳು ಹಸು, ಒಬ್ಬ ಹುಲಿ, ಒಬ್ಬ ಕರು, ಮಿಕ್ಕವರೆಲ್ಲ ಗಿಡಮರ. ಕಲಾವಿದೆಯೊಬ್ಬರು ಇದನ್ನೇ ನಾಲ್ಕನೇ ತರಗತಿಯಲ್ಲಿ ಬೇರೆ ರೀತಿ ಮಾಡಿಸಿದ್ದನ್ನು ನೋಡಿದ್ದೇನೆ. ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ಎದುರುಬದುರಾಗಿ ಎರಡು ಸಾಲು ನಿಲ್ಲಿಸಿದರು. ಹಸುವಾದ ಹುಡುಗಿ ದೊಡ್ಡಿಯಿಂದ ಹೊರಟು ಆ ಸಾಲುಗಳ ನಡುವೆ ನಡೆದು ಹುಲಿಯ ಗವಿ ಸೇರಬೇಕು. ಎಡಗಡೆಯವರು ಹೋಗು ಅನ್ನಲು ಕಾರಣ ಕೊಡಬೇಕು, ಬಲಗಡೆಯವರು ಹೋಗಬೇಡ ಅನ್ನಲು. "ಮಾತು ಕೊಟ್ಟು ಬಂದಿದ್ದೀಯ." "ಹುಲಿ ಏನು ನಿನ್ನ ನೆಂಟನಾ?" "ನೀನು ಹೋಗದಿದ್ರೆ ಅದು ನಮ್ಮನ್ನೆಲ್ಲ ತಿನ್ನತ್ತೆ." ಹಾಜರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆಯದ ಹುಡುಗನೊಬ್ಬ ಬಲಸಾಲಿನ ಕೊನೆಯಲ್ಲಿದ್ದ. "ನಮ್ಮವ್ವ ದುಡಿಯಕ್ಕೆ ಬೆಂಗ್ಳೂರಿಗೆ ಹೋಗವ್ಳೆ. ನೀನು ಹೋಗ್ಬ್ಯಾಡ" ಅಂದ. ತರಗತಿಯ ಶಿಕ್ಷಕಿ ಪಕ್ಕದಲ್ಲೇ ಇದ್ದರು. ಮರುದಿನ ಕನ್ನಡದ ಅವಧಿಯಲ್ಲಿ ಎಲ್ಲ ಮಕ್ಕಳಿಂದಲೂ ಕರುವಿನ ಪರವಾಗಿ ಒಂದೊಂದು ಪತ್ರ ಬರೆಸಿದರು. ವಾಕ್ಯ ಬರೆಯಲು ಹಿಂಜರಿಯುತ್ತಿದ್ದ ಆ ಹುಡುಗ ಅರ್ಧ ಪುಟ ಬರೆದಿದ್ದ. ಇದಕ್ಕೆ ವೇಷ ಬೇಕಾಗಲಿಲ್ಲ, ಮೈಕು ಬೇಕಾಗಲಿಲ್ಲ. ಬೇಕಾದದ್ದು ಮೂವತ್ತರೊಳಗಿನ ಮಕ್ಕಳು, ಒಂದು ಕೋಣೆ, ಮರುದಿನ ಅದನ್ನು ಮುಂದುವರಿಸಬಲ್ಲ ಶಿಕ್ಷಕಿ.

ತಪ್ಪು ಕಲ್ಪನೆ: ಕಲೆ ಪ್ರತಿಭೆ ಇರುವ ಮಕ್ಕಳಿಗೆ.

ಈ ನಂಬಿಕೆ ಬಾಯಿಮಾತಿನಲ್ಲಿ ಕೇಳಿಸುವುದು ಕಡಿಮೆ, ನಡೆಯಲ್ಲಿ ಕಾಣುವುದು ಹೆಚ್ಚು. ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆ ಹತ್ತಿರ ಬಂದಾಗ ಹಾಡುವ ಇಬ್ಬರು, ಕುಣಿಯುವ ಆರು, ಛದ್ಮವೇಷಕ್ಕೆ ಒಬ್ಬಳು ಎಂದು ಆರಿಸಿ ತಯಾರಿ ಶುರುವಾಗುತ್ತದೆ. ಗೆದ್ದ ಮಕ್ಕಳಿಗೆ ಸಂತೋಷ, ಶಾಲೆಗೂ ಹೆಮ್ಮೆ. ಆದರೆ ಉಳಿದವರು ಆರು ವರ್ಷಕ್ಕೇ "ನನಗೆ ಹಾಡಕ್ಕೆ ಬರಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ. ಕಲಾಸಂಸ್ಥೆಯೂ ಆರಿಸಿದ ಅದೇ ಮಕ್ಕಳನ್ನು "ತರಬೇತಿ ಕೊಡ್ತೀವಿ" ಎಂದು ಕರೆದೊಯ್ದರೆ ಆ ತೀರ್ಮಾನಕ್ಕೆ ಮುದ್ರೆ ಬಿದ್ದಂತೆ. ಪ್ರಾಥಮಿಕ ಶಾಲೆಯಲ್ಲಿ ಭಾಷೆ, ಗಣಿತ ಇಡೀ ತರಗತಿಗೆ ಇರುವ ಹಾಗೆ ಕಲೆಯೂ ಇಡೀ ತರಗತಿಗೆ ಇರಬೇಕು.

ಚಿತ್ರದ ವಿಷಯಕ್ಕೆ ಬಂದರೆ ನಷ್ಟ ಕಣ್ಣಿಗೇ ಕಾಣುತ್ತದೆ. ಒಂದನೇ ತರಗತಿಯ ಮಗುವಿಗೆ ಬಸ್ಸು ಬರೆಯಲು ಹೇಳಿ. ಚಕ್ರ ನಾಲ್ಕೂ ಒಂದೇ ಕಡೆ ಕಾಣುತ್ತವೆ, ಒಳಗೆ ಕೂತವರ ಕಾಲೂ ತಗಡಿನ ಮೂಲಕ ಕಾಣುತ್ತದೆ, ಕಂಡಕ್ಟರ್ ಡ್ರೈವರಿಗಿಂತ ದೊಡ್ಡದಾಗಿರುತ್ತಾನೆ. ಆ ವಯಸ್ಸಿನ ಮಗು ಕಂಡದ್ದರ ಜೊತೆಗೆ ತನಗೆ ಗೊತ್ತಿರುವುದನ್ನೂ ಬರೆಯುತ್ತದೆ; ತನಗೆ ಮುಖ್ಯ ಅನ್ನಿಸಿದ್ದನ್ನು ದೊಡ್ಡದು ಮಾಡುತ್ತದೆ. ಮಕ್ಕಳ ಚಿತ್ರಗಳ ಬಗ್ಗೆ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಬರೆದ ಪುಸ್ತಕ ಈ ಹಂತಗಳನ್ನು ವಿವರವಾಗಿ ಗುರುತಿಸಿತು. ಗೆರೆಯೊಳಗೆ ಬಣ್ಣ ತುಂಬುವ ಪುಸ್ತಕಗಳು ಈ ಶಕ್ತಿಯನ್ನು ಕುಗ್ಗಿಸುತ್ತವೆ ಎಂದೂ ಅವರು ಎಚ್ಚರಿಸಿದ್ದರು. ಅದೇ ಮಗು ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಎರಡು ಬೆಟ್ಟ, ನಡುವೆ ಮುಳುಗುವ ಸೂರ್ಯ, ಕೆಳಗೆ ಹೊಳೆ, ದಡದಲ್ಲಿ ತೆಂಗಿನಮರ, ಒಂದು ಗುಡಿಸಲು ಬರೆಯುತ್ತಿರುತ್ತದೆ. ವಿಜಯಪುರದ ಎರೆನೆಲದ ಬಯಲಲ್ಲಿ ಬೆಳೆದ ಮಗುವೂ ಅದನ್ನೇ ಬರೆಯುತ್ತದೆ. ತನ್ನ ಊರಿನ ಜೋಳದ ಹೊಲ ಚಿತ್ರವಾಗಬಹುದೆಂದು ಅದಕ್ಕೆ ಯಾರೂ ಹೇಳಿಲ್ಲ. ಚಿತ್ರಕಲಾವಿದರ ಬಳಗವೊಂದು ಪ್ರಾಥಮಿಕ ಶಾಲೆಗೆ ಬಂದು ಆ ಎರಡು ಬೆಟ್ಟಗಳನ್ನು ಮಕ್ಕಳ ಕಾಗದದಿಂದ ಸರಿಸಿ, ಹೊಲಕ್ಕೆ, ಸಂತೆಗೆ, ಅಜ್ಜಿಯ ಮುಖಕ್ಕೆ ಜಾಗ ಮಾಡಿಕೊಟ್ಟರೆ ಅದೇ ದೊಡ್ಡ ಕೆಲಸ.

ತಪ್ಪು ಕಲ್ಪನೆ: ಬೇಸಿಗೆ ಶಿಬಿರಗಳಿವೆ, ಶಾಲೆಯಲ್ಲಿ ಮತ್ತೆ ಏಕೆ?

ಮೈಸೂರಿನ ರಂಗಾಯಣದ 'ಚಿಣ್ಣರ ಮೇಳ'ದಂಥ ಶಿಬಿರಗಳು ಎಷ್ಟೋ ಮಕ್ಕಳ ಬದುಕಿಗೆ ಬಣ್ಣ ಕೊಟ್ಟಿವೆ. ಕೋಟದ ಕಡೆ 1975ರಲ್ಲಿ ಹುಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಮಕ್ಕಳಿಂದಲೇ ಯಕ್ಷಗಾನ ಆಡಿಸಿ ಹೆಸರು ಮಾಡಿತು. ಆದರೆ ಶಿಬಿರಕ್ಕಾಗಲಿ ಮೇಳಕ್ಕಾಗಲಿ ಬರುವುದು ಯಾರಾದರೂ ಕರೆತಂದ ಮಗು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಕೂಲಿಗೆ ಹೋಗುವ ಮನೆಯ ಮಗುವನ್ನು ಕರೆತರುವವರು ಯಾರು? ಆ ಮಗು ದಿನಾ ಬರುವ ಜಾಗ ಶಾಲೆಯೊಂದೇ.

ತಪ್ಪು ಕಲ್ಪನೆ: ಕಲೆಗೆ ಸಮಯ ಕೊಟ್ಟರೆ ಓದು ಹಾಳು. ಇದರ ತಿರುವುಮುರುವು: ಕಲೆ ಕಲಿತರೆ ಅಂಕ ತಾನಾಗಿ ಏರುತ್ತದೆ.

ಮೊದಲನೆಯದನ್ನು ಹೇಳುವವರು ಪೋಷಕರು, ಎರಡನೆಯದನ್ನು ಹೇಳುವವರು ಕಲಾಸಂಸ್ಥೆಗಳು. ಎರಡೂ ನಿಲ್ಲುವುದಿಲ್ಲ.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 42 ಶಾಲೆಗಳನ್ನು ತೆಗೆದುಕೊಂಡು, ಲಾಟರಿಯಂತೆ ಆರಿಸಿದ ಕೆಲವು ಶಾಲೆಗಳಿಗೆ ಊರಿನ ಕಲಾಸಂಸ್ಥೆಗಳ ಜೊತೆ ನಂಟು ಬೆಸೆದರು. ರಂಗಪ್ರದರ್ಶನ, ತರಗತಿಯಲ್ಲಿ ಕಲಾವಿದರ ವಾಸ್ತವ್ಯ, ಕ್ಷೇತ್ರಭೇಟಿ ಎಲ್ಲ ಸೇರಿತ್ತು. 3ರಿಂದ 8ನೇ ತರಗತಿಯವರೆಗಿನ 10,000ಕ್ಕೂ ಹೆಚ್ಚು ಮಕ್ಕಳ ಮೇಲೆ ಏನು ಪರಿಣಾಮ ಆಯಿತೆಂದು ಬ್ರಯನ್ ಕಿಸಿಡಾ ಮತ್ತು ಡೇನಿಯಲ್ ಬೋವೆನ್ ಅಧ್ಯಯನ ಮಾಡಿ 2019ರಲ್ಲಿ ವರದಿ ಕೊಟ್ಟರು. ಶಿಸ್ತು ಮೀರಿ ದಂಡನೆಗೆ ಒಳಗಾಗುವ ಮಕ್ಕಳ ಪ್ರಮಾಣ ಶೇಕಡ 3.6 ಅಂಶದಷ್ಟು ಇಳಿದಿತ್ತು. ಬರವಣಿಗೆಯ ಪರೀಕ್ಷೆಯಲ್ಲಿ ಸುಧಾರಣೆ ಕಂಡಿತು, ಬೇರೆಯವರ ಕಷ್ಟಕ್ಕೆ ಮರುಗುವ ಗುಣವೂ ಹೆಚ್ಚಿತ್ತು. ಹಾಗಾಗಿ ಕಲೆಗೆ ಕೊಟ್ಟ ಗಂಟೆ ಓದನ್ನು ಕೆಡಿಸುತ್ತದೆ ಎಂಬ ಭಯ ಬಿಡಬಹುದು.

ಹಾಗೆಂದು ಅಂಕದ ಆಸೆ ತೋರಿಸಿ ಶಾಲೆಯ ಬಾಗಿಲು ತಟ್ಟಬಾರದು. ಹಾರ್ವರ್ಡ್‌ನ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲಂಡ್ ಆವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ 2000ದಲ್ಲಿ ಜಾಲಾಡಿದಾಗ, ಕಲೆಯಿಂದಲೇ ಒಟ್ಟಾರೆ ಅಂಕ ಏರಿತು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಬಲವಾಗಿ ಕಂಡದ್ದು ಕೆಲವೇ ನಂಟುಗಳು. ಅದರಲ್ಲಿ ಒಂದು, ತರಗತಿಯಲ್ಲಿ ನಾಟಕವಾಡುವ ಮಕ್ಕಳ ಭಾಷಾಶಕ್ತಿ ಬೆಳೆಯುತ್ತದೆ ಎಂಬುದು. ಮೊಜಾರ್ಟ್ ಸಂಗೀತ ಕೇಳಿದರೆ ಮಗು ಜಾಣವಾಗುತ್ತದೆ ಎಂಬ ಪ್ರಚಾರವನ್ನೂ ನೆನೆಯಬೇಕು. 1993ರ ಆ ಮೂಲ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಮಗು ಹಾಡಬೇಕಾದದ್ದು ಹಾಡುವುದು ಮಗುವಿನ ಹಕ್ಕು ಎಂಬ ಕಾರಣಕ್ಕೆ. ಶಿಕ್ಷಣ ಹಕ್ಕು ಕಾಯ್ದೆಯೇ ಮಗುವಿನ ಸರ್ವಾಂಗೀಣ ಬೆಳವಣಿಗೆಯನ್ನು ಪಠ್ಯಕ್ರಮದ ಗುರಿ ಎಂದು ಹೇಳಿರುವಾಗ ಬೇರೆ ನೆಪ ಏಕೆ?

ತಪ್ಪು ಕಲ್ಪನೆ: ಶಿಕ್ಷಕರಿಗೆ ಆಸಕ್ತಿಯಿಲ್ಲ, ಅವರನ್ನು ಬಿಟ್ಟು ಮಕ್ಕಳ ಜೊತೆ ಕೆಲಸ ಮಾಡಿದರೆ ಸಾಕು.

ಕಲಾವಿದರು ಬಂದ ಕೂಡಲೇ ಶಿಕ್ಷಕರು ಕೋಣೆಯಿಂದ ಹೊರಗೆ ಹೋಗಿಬಿಡುತ್ತಾರೆ ಎಂಬ ದೂರು ಎಲ್ಲ ತಂಡಗಳಿಂದಲೂ ಕೇಳಿಬರುತ್ತದೆ. ಅವರು ಎಲ್ಲಿಗೆ ಹೋಗುತ್ತಾರೆ ಎಂದೂ ನೋಡಬೇಕಲ್ಲವೇ. 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಬ್ಬರೇ ಶಿಕ್ಷಕರು. ಐದು ತರಗತಿ, ಇಬ್ಬರು ಶಿಕ್ಷಕರು. ಒಬ್ಬರು ತರಬೇತಿಗೋ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಸಭೆಗೋ ಹೋದರೆ ಉಳಿದವರು ಒಬ್ಬರೇ. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ ಎಲ್ಲವೂ ಅವರದೇ. ಕಲಾ ಶಿಕ್ಷಕರು ಬೇಕೆಂದು ಕಾಯ್ದೆ ಹೇಳಿರುವುದು 6ರಿಂದ 8ನೇ ತರಗತಿಗೆ, ಅದೂ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಅದೂ ಅರೆಕಾಲಿಕ. ಕಿರಿಯ ಪ್ರಾಥಮಿಕ ಶಾಲೆಗೆ ಆ ಭಾಗ್ಯವೂ ಇಲ್ಲ.

ಇಷ್ಟರ ನಡುವೆಯೂ ನಮ್ಮ ಪ್ರಾಥಮಿಕ ಶಿಕ್ಷಕರಿಗೆ ಹಾಡು, ಕಥೆ, ಆಟ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಚಿಗುರಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯನ್ನು ಕಟ್ಟುವುದರಲ್ಲಿ ಶಿಕ್ಷಕರೇ ಕೈಜೋಡಿಸಿದ್ದರು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ತನ್ನ 'ಕಲಿ-ಕಲಿಸು' ಯೋಜನೆಯಲ್ಲಿ ಕಲಾವಿದರ ಜೊತೆಗೆ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಅನುದಾನ ಕೊಡುತ್ತ ಬಂದಿದೆ. ಶಿಕ್ಷಕರು ತಮ್ಮ ಊರಿನ ಕಲೆ, ಕಸುಬು, ನೆನಪುಗಳನ್ನು ತರಗತಿಗೆ ತರುವ ಯೋಜನೆಯನ್ನು ತಾವೇ ರೂಪಿಸುತ್ತಾರೆ. ನನಗೆ ಸರಿ ಅನ್ನಿಸುವ ದಾರಿ ಇದು. ಕಲಾವಿದರು ವಾರಕ್ಕೊಮ್ಮೆ ಬಂದು ಹೋಗುವವರು, ಶಿಕ್ಷಕರು ವಾರವಿಡೀ ಅಲ್ಲೇ ಇರುವವರು. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ: "ಮೇಡಂ, ಈ ವರ್ಷ ನಿಮ್ಮ ತರಗತಿಯಲ್ಲಿ ಯಾವ ಪಾಠ ಮಕ್ಕಳಿಗೆ ಹತ್ತುತ್ತಿಲ್ಲ?" ಅಲ್ಲಿಂದ ಕೆಲಸ ಶುರುವಾದರೆ ಶಿಕ್ಷಕರು ಕೋಣೆ ಬಿಟ್ಟು ಹೋಗುವುದಿಲ್ಲ.

ತಪ್ಪು ಕಲ್ಪನೆ: ದೊಡ್ಡ ಕಲಾವಿದರಾದರೆ ಮಕ್ಕಳಿಗೂ ಚೆನ್ನಾಗಿಯೇ ಕಲಿಸುತ್ತಾರೆ.

ಮೂರು ಗಂಟೆ ಕಛೇರಿ ಮಾಡಬಲ್ಲವರಿಗೆ ಆರು ವರ್ಷದ ಮೂವತ್ತು ಮಕ್ಕಳನ್ನು ಇಪ್ಪತ್ತು ನಿಮಿಷ ಹಿಡಿದಿಡುವುದು ಕಷ್ಟವಾಗಬಹುದು. ಅದೇ ಬೇರೆ ವಿದ್ಯೆ. ಮಗು ಮಧ್ಯದಲ್ಲೇ ಎದ್ದು "ನಮ್ಮನೆ ಎಮ್ಮೆ ಕರು ಹಾಕ್ತು" ಅನ್ನುತ್ತದೆ. ಆ ಎಮ್ಮೆಯನ್ನೂ ಹಾಡಿನೊಳಗೆ ಎಳೆದುಕೊಳ್ಳಬಲ್ಲವರು ಬೇಕು. ರಂಗನಿರ್ದೇಶಕ ಬಿ.ವಿ. ಕಾರಂತರಿಗೆ ಇದು ಒಲಿದಿತ್ತು. ಮಕ್ಕಳ ನಾಟಕವನ್ನು ದೊಡ್ಡವರ ನಾಟಕಕ್ಕಿಂತ ಕಡಿಮೆಯದೆಂದು ಅವರು ಎಣಿಸಲಿಲ್ಲ. ಟ್ಯಾಗೋರರ ಕಥೆಯಿಂದ ಅವರು ಕಟ್ಟಿದ 'ಪಂಜರಶಾಲೆ'ಯಲ್ಲಿ ಗಿಳಿಗೆ ವಿದ್ಯೆ ಕಲಿಸುವ ಗಡಿಬಿಡಿಯಲ್ಲಿ ಗಿಳಿಯೇ ಯಾರಿಗೂ ನೆನಪಿರುವುದಿಲ್ಲ. ಸಂಸ್ಥೆಗಳು ಹಿರಿಯ ಕಲಾವಿದರನ್ನು ಕಳಿಸಲಿ, ಆದರೆ ಮೊದಲು ಅವರು ಶಾಲೆಯಲ್ಲಿ ಕೆಲವು ದಿನ ಸುಮ್ಮನೆ ಕೂತು ಮಕ್ಕಳನ್ನು ನೋಡಲಿ.

ತಪ್ಪು ಕಲ್ಪನೆ: ಹಳ್ಳಿ ಶಾಲೆಗೆ ಕಲೆಯನ್ನು ನಾವು ಹೊರಗಿನಿಂದ ಒಯ್ಯುತ್ತಿದ್ದೇವೆ.

ಆ ಹಳ್ಳಿಯಲ್ಲಿ ಸೋಬಾನೆ ಹೇಳುವ ಅಜ್ಜಿ ಇದ್ದಾರೆ, ಕೋಲಾಟದ ತಂಡ ಇದೆ, ಭಜನೆಯ ಮನೆ ಇದೆ, ಬುಟ್ಟಿ ಹೆಣೆಯುವವರಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಶಾಲೆಯಲ್ಲಿ ಬೋಧಕರಾಗಿ ತೊಡಗಿಸಬೇಕೆಂದು ಹೇಳುತ್ತದೆ. ಕಲಾವಿದರೊಬ್ಬರು ಶಾಲೆಯಲ್ಲೇ ಇದ್ದು ಕೆಲಸ ಮಾಡುವ ವ್ಯವಸ್ಥೆಯನ್ನೂ ಸೂಚಿಸುತ್ತದೆ. ಹೊರಗಿನಿಂದ ಬರುವ ಸಂಸ್ಥೆ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಊರಿನವರಿಗೇ ಶಾಲೆಯೊಳಗೆ ಕುರ್ಚಿ ಹಾಕಿಸುವುದು.

ಇಲ್ಲಿ ಎಚ್ಚರ ತಪ್ಪಬಾರದ ಒಂದು ಸಂಗತಿ ಇದೆ. ತಮಟೆ ಬಾರಿಸುವ ಕೆಲಸವನ್ನು ನಮ್ಮ ಸಮಾಜ ಒಂದು ಕೇರಿಯ ತಲೆಗೆ ಕಟ್ಟಿ, ಆ ಕೇರಿಯನ್ನು ದೂರ ಇಟ್ಟಿದೆ. "ಜಾನಪದ ಕಲೆ" ಎಂದು ಆ ಕೇರಿಯ ಹುಡುಗನ ಕೈಗೇ ತಮಟೆ ಕೊಟ್ಟು ಮೆರವಣಿಗೆಯ ಮುಂದೆ ನಿಲ್ಲಿಸಿದರೆ ಶಾಲೆ ಆ ಅವಮಾನವನ್ನೇ ಮುಂದುವರಿಸಿದಂತೆ. ಎಲ್ಲ ಮಕ್ಕಳೂ, ಹುಡುಗಿಯರೂ, ತಮಟೆ ಹಿಡಿದು ಅದರ ಪೆಟ್ಟು ಎಷ್ಟು ಕಷ್ಟದ್ದೆಂದು ಕೈಯಾರೆ ತಿಳಿಯಲಿ. ಕಲಿಸಲು ಬಂದ ಹಿರಿಯರನ್ನು ಸಂಗೀತದ ಮೇಷ್ಟ್ರನ್ನು ಕರೆಯುವ ಹಾಗೆಯೇ ಗುರುಗಳೇ ಎಂದು ಕರೆಯಲಿ, ಸಂಭಾವನೆಯೂ ಸರಿಸಮ ಇರಲಿ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದನ್ನು ಮಕ್ಕಳಿಗೆ ಹೇಳಬೇಕಾದ ಜಾಗ ಈ ತರಗತಿ.

ತಪ್ಪು ಕಲ್ಪನೆ: ಸಾಮಗ್ರಿಗೆ ದುಡ್ಡು ಬೇಕು, ಕಲಾವಿದರು ಸೇವೆಯೆಂದು ಬರಲಿ.

ಲೆಕ್ಕ ಇದಕ್ಕೆ ಉಲ್ಟಾ ಇರಬೇಕು. ಕೆಮ್ಮಣ್ಣು, ಇದ್ದಿಲು, ಹಳೆಯ ಪತ್ರಿಕೆ, ಹುಣಸೆಬೀಜ, ತೆಂಗಿನ ಗರಿ, ಜೇಡಿಮಣ್ಣು ಸುತ್ತಮುತ್ತ ಸಿಗುತ್ತವೆ. ಸಿಗದಿರುವುದು ಕಲಾವಿದರ ಬಸ್‌ಚಾರ್ಜು ಮತ್ತು ದಿನದ ದುಡಿಮೆ. ನೀನಾಸಮ್‌ನಲ್ಲೋ ರಂಗಾಯಣದಲ್ಲೋ ಕಲಿತು ಊರಿಗೆ ಮರಳಿದ ಎಷ್ಟೋ ಯುವಕ ಯುವತಿಯರಿಗೆ ಮಕ್ಕಳ ಜೊತೆ ಕೆಲಸ ಮಾಡುವ ತಿಳಿವಳಿಕೆ ಇದೆ, ತಿಂಗಳ ಆದಾಯ ಇಲ್ಲ. ಪುಕ್ಕಟೆ ಬರುವವರು ಎರಡನೇ ತಿಂಗಳಿಗೆ ನಿಂತುಹೋಗುತ್ತಾರೆ, ತಪ್ಪು ಅವರದಲ್ಲ. ದಾನಿಗಳ ಮುಂದೆ ಇಡುವ ಬಜೆಟ್ಟಿನಲ್ಲಿ ಮೊದಲ ಸಾಲು ಕಲಾವಿದರ ಸಂಭಾವನೆ ಆಗಿರಲಿ.

ತಪ್ಪು ಕಲ್ಪನೆ: ಮೇಲಿನ ಕಚೇರಿಯ ಅನುಮತಿ ಪತ್ರ ಸಿಕ್ಕಿದರೆ ಎಲ್ಲ ಸಿಕ್ಕಂತೆ.

ಪತ್ರ ಬೇಕು. ಅದರ ಜೊತೆಗೆ ಮುಖ್ಯ ಶಿಕ್ಷಕರ ಒಪ್ಪಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು. ಸಮಯವನ್ನೂ ನೋಡಿಕೊಳ್ಳಬೇಕು. ಶಾಲೆ ತೆರೆದ ಜೂನ್ ತಿಂಗಳ ದಾಖಲಾತಿ ಗಡಿಬಿಡಿಯಲ್ಲೂ ವರ್ಷದ ಕೊನೆಯ ಪರೀಕ್ಷೆಯ ದಿನಗಳಲ್ಲೂ ಹೋದರೆ ಯಾರಿಗೂ ಕೇಳುವ ಪುರುಸೊತ್ತಿಲ್ಲ. ಮಕ್ಕಳ ಸುರಕ್ಷತೆಯ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಬೇಕು: ಹೊರಗಿನವರು ಒಬ್ಬರೇ ಮಕ್ಕಳ ಜೊತೆ ಇರಬಾರದು, ಶಿಕ್ಷಕರು ಕೋಣೆಯಲ್ಲಿರಬೇಕು, ಮಕ್ಕಳ ಫೋಟೊ ಹಂಚಿಕೊಳ್ಳಲು ಪೋಷಕರ ಒಪ್ಪಿಗೆ ಬೇಕು. ಹೊಡೆತ, ಬೈಗುಳ, "ದಡ್ಡ" ಎನ್ನುವ ಮಾತು ತಾಲೀಮಿನಲ್ಲೂ ಸಲ್ಲದು. ನೃತ್ಯದ ತರಗತಿಯಲ್ಲಿ ಹಿಂದೆ ನಡೆದುಬಂದ ಪದ್ಧತಿ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ತಪ್ಪು ಕಲ್ಪನೆ: ಹೆಚ್ಚು ಶಾಲೆ ಮುಟ್ಟಿದಷ್ಟೂ ಹೆಚ್ಚು ಕೆಲಸ.

ವರದಿಯಲ್ಲಿ "100 ಶಾಲೆ, 12,000 ಮಕ್ಕಳು" ಎಂದು ಬರೆದರೆ ದಾನಿಗಳಿಗೆ ಹಿತವಾಗುತ್ತದೆ. ನೂರು ಶಾಲೆಗೆ ಒಂದೊಂದು ದಿನ ಹೋದ ಸಂಸ್ಥೆಯನ್ನು ಯಾವ ಶಾಲೆಯೂ ನೆನಪಿಟ್ಟುಕೊಳ್ಳುವುದಿಲ್ಲ. ಅದೇ ತಂಡ, ಅದೇ ದುಡ್ಡಿನಲ್ಲಿ, ನಾಲ್ಕು ಶಾಲೆಗೆ ವರ್ಷವಿಡೀ ಮತ್ತೆ ಮತ್ತೆ ಹೋಗಬಹುದು. ನಾಲ್ಕನ್ನೇ ಆರಿಸಿಕೊಳ್ಳಿ ಎಂದು ನನ್ನ ಗಟ್ಟಿ ಸಲಹೆ. ನಾಲ್ಕೂ ಒಂದೇ ಕ್ಲಸ್ಟರಿನಲ್ಲಿದ್ದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕರೆಯುವ ಸಮಾಲೋಚನಾ ಸಭೆಯಲ್ಲಿ ಆ ಶಿಕ್ಷಕರು ತಮ್ಮ ಅನುಭವವನ್ನು ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ತಾವೇ ಹೇಳುತ್ತಾರೆ. ಹೊರಗಿನ ಸಂಪನ್ಮೂಲ ವ್ಯಕ್ತಿಯ ಭಾಷಣಕ್ಕಿಂತ ಅದು ಬೇಗ ನಾಟುತ್ತದೆ.

ವರದಿಯಲ್ಲಿ ಏನು ಬರೆಯಬೇಕು ಎಂಬುದೂ ಆಗ ಬದಲಾಗುತ್ತದೆ. ಜೂನ್‌ನಲ್ಲಿ ಮಾತಾಡದಿದ್ದ ಮಕ್ಕಳಲ್ಲಿ ಎಷ್ಟು ಜನ ಡಿಸೆಂಬರ್‌ನಲ್ಲಿ ತಾವಾಗಿ ಕಥೆ ಹೇಳಿದರು? ಚಿತ್ರದಲ್ಲಿ ಎರಡು ಬೆಟ್ಟ ಬಿಟ್ಟು ಬೇರೆ ಏನೇನು ಬಂತು? ಯಾವ ಚಟುವಟಿಕೆಯನ್ನು ಶಿಕ್ಷಕಿ ತಂಡ ಇಲ್ಲದ ದಿನವೂ ಮಾಡಿಸಿದರು, ಯಾವುದನ್ನು ಕೈಬಿಟ್ಟರು, ಏಕೆ? ಮಕ್ಕಳ ಕಾಗದಗಳನ್ನು ದಿನಾಂಕ ಹಾಕಿ ಒಂದು ಕಡತದಲ್ಲಿ ಇಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಸಂಸ್ಥೆ ಶಾಲೆಯನ್ನು ಬಿಟ್ಟ ಮರುವರ್ಷ ಮುಂಚೆ ತಿಳಿಸದೆ ಒಂದು ದಿನ ಹೋಗಿ, ಮುಖ್ಯ ಶಿಕ್ಷಕರ ಅನುಮತಿ ಪಡೆದು, ನಾಲ್ಕನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬೇಕು.